ನೆಗಡಿಯಾಯಿತೆಂದು ಮೂಗು ಕೊಯ್ಯಬೇಡಿ



ಕಳೆದ ಸಂಚಿಕೆಯಲ್ಲಿ ನಮ್ಮ ಮಿತ್ರರೊಬ್ಬರು ತಮ್ಮ ಎಂಜಿಬಿ ಕಾರಿನ ಬಗ್ಗೆ ಬರೆದ ಲೇಖನವನ್ನು ನೀವೆಲ್ಲ ಓದಿರುತ್ತೀರಿ. ಜೆರಾಕ್ಸ್ ಪ್ರತಿಯಲ್ಲಿ ಕಾರಿನ ಫೋಟೋ ಮಸಿಯ ಮುದ್ದೆಯಂತೆ ಕಂಡರೂ ಅವರ ಉತ್ಸಾಹ ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಯವರೆಗೆ ಸಂತೋಷ. ಆದರೆ ಕೊನೆಯಲ್ಲಿ ಅವರು ಕೊಟ್ಟ ಉಪದೇಶವನ್ನು ಮಾತ್ರ ನಾನು ಒಪ್ಪಲಾರೆ. ಎಂಜಿನ್ನಿಗೆ ಸ್ವಲ್ಪ ಮಾರ್ಪಾಡು ಮಾಡಿಸಿದವರು ಮೊದಲು ಹಳೆಯ ಎಸ್‌ಯು ಕಾರ್ಬೊರೇಟರ್‌ಗಳನ್ನು ಕಿತ್ತು ಬಿಸಾಡಬೇಕು, ಅದರ ಜಾಗಕ್ಕೆ ವೆಬರ್ ಹಾಕಬೇಕು, ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ನೇ ಹಾಕಿಸಬೇಕು. ಇದು ಅವರ ಸಲಹೆಯ ಸಾರ.

ಒಬ್ಬರ ಕಾರು, ಒಬ್ಬರ ದುಡ್ಡು, ನಮಗೇಕೆ ಎಂದು ಸುಮ್ಮನಿರಬಹುದಿತ್ತು. ಆದರೆ ನಮ್ಮ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಮಾತಿಗೆ ತೂಕ ಜಾಸ್ತಿ. ನಮ್ಮವರೇ ಬರೆದಿದ್ದಾರೆ, ಸರಿಯಾಗಿಯೇ ಇರುತ್ತದೆ ಎಂದು ನಂಬಿ ನಾಲ್ಕು ಜನ ಅದೇ ದಾರಿ ಹಿಡಿಯುತ್ತಾರೆ. ಆದ್ದರಿಂದ ಈ ಉತ್ತರ.

ನನ್ನ ವಾದ ಒಂದೇ: ಅಳೆಯದೆ ಕೊಳ್ಳಬೇಡಿ. ನಿಮ್ಮ ಎಂಜಿನ್ನಿಗೆ ಎಷ್ಟು ಗಾಳಿ ಬೇಕು, ಎಷ್ಟು ಪೆಟ್ರೋಲ್ ಬೇಕು, ಈಗ ಎಷ್ಟು ಸಿಗುತ್ತಿದೆ ಎಂಬ ಮೂರು ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಗುವ ತನಕ ಪರ್ಸು ಜೇಬಿನಲ್ಲೇ ಇರಲಿ. ಕಾರಿನ ಗೊಡವೆಯೇ ಬೇಡ ಎನ್ನುವವರು ಮಧ್ಯದ ಪುಟ ಬಿಟ್ಟರೂ ಸರಿ, ಬೆಂಕಿಯ ವಿಷಯ ಬರೆದಿರುವ ಭಾಗವನ್ನು ಮಾತ್ರ ದಯವಿಟ್ಟು ಓದಿ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಅದು ಬೇಕೇ ಬೇಕು.

ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ

ಎಂಜಿಬಿ 1962ರಿಂದ 1980ರವರೆಗೆ ಆಬಿಂಗ್ಡನ್ನಿನಲ್ಲಿ ತಯಾರಾದ ಕಾರು. ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅದರ ಹೃದಯ 1798 ಸಿಸಿಯ ಬಿ-ಸೀರೀಸ್ ಎಂಜಿನ್. ನಮಗೆ ಇದು ಪರಕೀಯವೇನಲ್ಲ. ನಮ್ಮ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಗುಡುಗುಡು ಎನ್ನುತ್ತಿದ್ದ 1489 ಸಿಸಿಯ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಡರಿಗೆ ಬಿಡಿಭಾಗ ಹುಡುಕಿ ಅಲೆದವರು ಎಂಜಿಬಿಯ ಬಾನೆಟ್ ಎತ್ತಿದರೆ ದೂರದ ನೆಂಟರನ್ನು ಕಂಡಂತಾಗುತ್ತದೆ.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡಿಸುವ ಮಾರ್ಪಾಡುಗಳು ಮೂರು. ಸಿಲಿಂಡರ್ ಹೆಡ್‌ನ ದಾರಿಗಳನ್ನು ತೀಡಿಸುವುದು, ಸ್ವಲ್ಪ ಚುರುಕಾದ ಕ್ಯಾಮ್‌ಶಾಫ್ಟ್ ಹಾಕಿಸುವುದು, ಹೊಗೆ ಸರಾಗವಾಗಿ ಹೋಗುವ ಎಕ್ಸಾಸ್ಟ್ ಹಾಕಿಸುವುದು. ಇಷ್ಟಾದ ಮೇಲೆ ಕಾರು ಮುನಿಸಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ, ಪಿಕಪ್ಪಿನಲ್ಲಿ ಮುಗ್ಗರಿಸುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ತಕ್ಷಣ ತೀರ್ಪು: "ಕಾರ್ಬೊರೇಟರ್ ಸಾಲದು."

ಅಲ್ಲ ಸ್ವಾಮಿ, ವಿಚಾರಣೆಯೇ ಇಲ್ಲದೆ ಗಲ್ಲು ಶಿಕ್ಷೆಯೇ? ಈ ದೇಶದ ಹಳೆಯ ಮೆಕ್ಯಾನಿಕ್‌ಗಳಲ್ಲಿ ಒಂದು ಮಾತಿದೆ: ಕಾರ್ಬೊರೇಟರಿನ ಕಾಯಿಲೆಗಳಲ್ಲಿ ಹೆಚ್ಚಿನವು ಡಿಸ್ಟ್ರಿಬ್ಯೂಟರಿನಲ್ಲಿ ಸಿಗುತ್ತವೆ. ತಮಾಷೆಯಾಗಿ ಹೇಳಿದರೂ ನಿಜ. ಆದ್ದರಿಂದ ಕ್ರಮವಾಗಿ ನೋಡಬೇಕು.

ಮೊದಲನೆಯದು ಕಂಪ್ರೆಷನ್. ನಾಲ್ಕೂ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದರಲ್ಲಿ ಬಹಳ ಕಡಿಮೆ ಬಂದರೆ ಯಾವ ಕಾರ್ಬೊರೇಟರೂ ಅದನ್ನು ಉದ್ಧಾರ ಮಾಡಲಾರದು. ಎರಡನೆಯದು ಟ್ಯಾಪೆಟ್. ಮೂಲ ಕ್ಯಾಮ್ ಇದ್ದರೆ ಎಂಜಿನ್ ತಣ್ಣಗಿರುವಾಗ 0.015 ಇಂಚು. ಬೇರೆ ಕ್ಯಾಮ್ ಹಾಕಿಸಿದ್ದರೆ ಅದರ ತಯಾರಕರು ಹೇಳಿದ ಅಳತೆ. ಮೂರನೆಯದು ಪಾಯಿಂಟ್ ಮತ್ತು ಪ್ಲಗ್. ಪಾಯಿಂಟ್ ಸಂದು 0.014ರಿಂದ 0.016 ಇಂಚು, ಪ್ಲಗ್ ಸಂದು 0.025 ಇಂಚು. ನಾಲ್ಕನೆಯದು, ಎಲ್ಲರೂ ಮರೆಯುವಂಥದು, ಇಗ್ನಿಷನ್ ಅಡ್ವಾನ್ಸ್. ಡಿಸ್ಟ್ರಿಬ್ಯೂಟರಿನ ಒಳಗೆ ಎರಡು ಪುಟ್ಟ ತೂಕಗಳೂ ಸ್ಪ್ರಿಂಗ್‌ಗಳೂ ಇವೆ. ಎಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವುದು ಅವುಗಳ ಕೆಲಸ. ಐವತ್ತು ವರ್ಷದಲ್ಲಿ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಇಲ್ಲವೇ ತೂಕ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಬಿ-ಸೀರೀಸ್ ಎಂಜಿನ್ನಿಗೆ ಮೇಲಿನ ವೇಗದಲ್ಲಿ ಒಟ್ಟು ಸುಮಾರು 32 ಡಿಗ್ರಿ ಬೇಕು. ಟೈಮಿಂಗ್ ಲೈಟ್ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಐಡ್ಲಿಂಗ್‌ನಲ್ಲಿ ಒಮ್ಮೆ ನೋಡಿ ಸರಿಯಿದೆ ಎನ್ನುವುದು, ಅಡಿಪಾಯ ನೋಡಿ ಮನೆ ಪೂರ್ತಿಯಾಯಿತು ಎಂದಂತೆ.

ಐದನೆಯದು ಗಾಳಿಯ ಸೋರಿಕೆ. ಕಾರ್ಬೊರೇಟರಿನ ಥ್ರಾಟಲ್ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ. ಲಟಲಟ ಎಂದರೆ ಅಲ್ಲಿಂದ ಕಳ್ಳಗಾಳಿ ಒಳನುಗ್ಗುತ್ತಿದೆ. ಐಡ್ಲಿಂಗ್ ನಿಲ್ಲದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹೊಸ ಸ್ಪಿಂಡಲ್ಲಿಗೆ ಮತ್ತು ಬುಷ್ಷಿಗೆ ತಗಲುವುದು ಅಲ್ಪ ಖರ್ಚು. ಇದನ್ನು ಮಾಡದೆ ಇಡೀ ಕಾರ್ಬೊರೇಟರನ್ನೇ ಕಿತ್ತೆಸೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತಲ್ಲದೆ ಮತ್ತೇನು?

ಲೆಕ್ಕ ಬೇಡವೇ?

ನಮ್ಮ ಸಂಘದಲ್ಲಿ ಎಂಜಿನಿಯರುಗಳಿಗೂ ಡಾಕ್ಟರುಗಳಿಗೂ ಕಡಿಮೆಯಿಲ್ಲ. ಮಕ್ಕಳ ಗಣಿತದ ಹೋಂವರ್ಕ್‌ನಲ್ಲಿ ಒಂದು ಸೊನ್ನೆ ತಪ್ಪಿದರೆ ಕಣ್ಣು ಕೆಂಪಗೆ ಮಾಡುವವರು ತಮ್ಮ ಕಾರಿನ ವಿಷಯಕ್ಕೆ ಬಂದಾಗ ಲೆಕ್ಕವನ್ನೇ ಮಾಡುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ, ಇಲ್ಲೇ ಮಾಡೋಣ.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿ ಎಳೆದುಕೊಳ್ಳುತ್ತದೆ. 1.798 ಲೀಟರಿನ ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗಿದರೆ, 1.798ನ್ನು 5500ರಿಂದ ಗುಣಿಸಿ ಎರಡರಿಂದ ಭಾಗಿಸಿ: ಸುಮಾರು 4945 ಲೀಟರ್. ಯಾವ ಎಂಜಿನ್ನೂ ನೂರಕ್ಕೆ ನೂರು ತುಂಬಿಕೊಳ್ಳುವುದಿಲ್ಲ. ಇಂಥ ಎಂಜಿನ್ನಿಗೆ 80 ಪಾಲು ಎಂದುಕೊಳ್ಳಿ. ನಿಮಿಷಕ್ಕೆ ಸುಮಾರು 3950 ಲೀಟರ್, ಅಂದರೆ 140 ಘನ ಅಡಿ ಗಾಳಿ. ಆ ಗಾಳಿಗೆ ಸರಿಹೊಂದುವ ಪೆಟ್ರೋಲ್ ನಿಮಿಷಕ್ಕೆ ಸುಮಾರು ಅರ್ಧ ಲೀಟರ್. ಇದು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಾಗಿನ ಮಾತು. ಎಂ40ರಲ್ಲಿ ಹದವಾಗಿ ಹೋಗುವಾಗ ಇದರ ಸಣ್ಣ ಪಾಲು ಸಾಕು.

ಎಂಜಿಬಿಯಲ್ಲಿ ಕಾರ್ಖಾನೆಯವರೇ ಕೊಟ್ಟಿದ್ದು ಒಂದೂವರೆ ಇಂಚಿನ ಎಸ್‌ಯು ಎರಡು. ಮೂಲ ಎಂಜಿನ್ನಿನ ಶಕ್ತಿ 5400 ಸುತ್ತಿನಲ್ಲಿ 95 ಅಶ್ವಶಕ್ತಿ ಎಂದು ಅವರ ಹೇಳಿಕೆ. ರಸ್ತೆಯ ಮೇಲೆ ಓಡಿಸುವ, ಸಾಧಾರಣ ಮಾರ್ಪಾಡಿನ ಎಂಜಿನ್ನಿಗೂ ಇದೇ ಜೋಡಿ ಸಾಕು. ಕ್ಯಾಮ್ ಇನ್ನೂ ತೀವ್ರವಾಗಿ, ಎಂಜಿನ್ 6000 ಸುತ್ತು ದಾಟಿ ಉಸಿರಾಡಬೇಕು ಎಂದಾಗ ಒಂದೂಮುಕ್ಕಾಲು ಇಂಚಿನ ಎಸ್‌ಯು ಜೋಡಿಯ ಯೋಚನೆ ಮಾಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ದುಡ್ಡಿಗೆ ಮಾತ್ರವಲ್ಲ, ಗಾಳಿಗೂ ಅನ್ವಯಿಸುತ್ತದೆ.

ಮುದುಕನ ಜಾಣತನ

ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ್ದು. ಕಂಪನಿಯನ್ನು 1926ರಲ್ಲಿ ಮಾರಿಸ್ ಕೊಂಡರು. "ಶತಮಾನದ ಹಿಂದಿನ ತಂತ್ರಜ್ಞಾನ" ಎಂದು ನಮ್ಮ ಮಿತ್ರರು ಗೇಲಿ ಮಾಡಿದ್ದಾರೆ. ಇಡ್ಲಿಯ ತಂತ್ರಜ್ಞಾನವೂ ಹಳೆಯದೇ, ಯಾರೂ ಬಿಟ್ಟಿಲ್ಲ.

ಅದರ ಜಾಣತನ ಇಷ್ಟು. ಸಾಧಾರಣ ಕಾರ್ಬೊರೇಟರಿನಲ್ಲಿ ಗಾಳಿಯ ಗಂಟಲು ಒಂದೇ ಅಳತೆಯದು. ಎಸ್‌ಯುದಲ್ಲಿ ಒಂದು ಪಿಸ್ಟನ್ ಏರುತ್ತಾ ಇಳಿಯುತ್ತಾ ಗಂಟಲನ್ನು ತಾನೇ ಹಿರಿದು ಕಿರಿದು ಮಾಡಿಕೊಳ್ಳುತ್ತದೆ. ಎಂಜಿನ್ ಕಡಿಮೆ ಗಾಳಿ ಕೇಳಿದರೆ ಕಿರಿದು, ಹೆಚ್ಚು ಕೇಳಿದರೆ ಹಿರಿದು. ಆದ್ದರಿಂದ ಗಾಳಿಯ ವೇಗ ಜೆಟ್ಟಿನ ಮೇಲೆ ಯಾವಾಗಲೂ ಹೆಚ್ಚುಕಡಿಮೆ ಒಂದೇ. ಪಿಸ್ಟನ್ನಿನ ಕೆಳಗೆ ಮೊನಚಾಗುತ್ತಾ ಹೋಗುವ ಸೂಜಿ ನೇತಾಡುತ್ತದೆ. ಅದು ಮೇಲೇರಿದಷ್ಟೂ ಜೆಟ್ಟಿನಿಂದ ಪೆಟ್ರೋಲ್ ಹೆಚ್ಚು ಬರುತ್ತದೆ. ಎಂಜಿನ್ನಿನ ಹಸಿವು ನೋಡಿ ಬಡಿಸುವ ಅಡಿಗೆಯವರಿದ್ದಂತೆ.

ಮಾರ್ಪಾಡಾದ ಎಂಜಿನ್ನಿಗೆ ಬೇಕಾಗುವುದು ಬೇರೆ ಸೂಜಿ. ಬೇರೆ ಕಾರ್ಬೊರೇಟರ್ ಅಲ್ಲ. ಸೂಜಿಗಳು ನೂರಾರು ಬಗೆ. ಪ್ರತಿ ಎಂಟನೇ ಒಂದು ಇಂಚಿಗೆ ಅದರ ದಪ್ಪ ಎಷ್ಟು ಎಂಬ ಪಟ್ಟಿಯೇ ಇದೆ. ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಕೆಳಗಿನ ಜೆಟ್ ನಟ್ ತಿರುಗಿಸಿದರೆ ಐಡ್ಲಿಂಗ್‌ನಿಂದ ಪೂರ್ಣ ಥ್ರಾಟಲ್‌ವರೆಗೆ ಎಲ್ಲ ಕಡೆ ಮಿಶ್ರಣ ಬದಲಾಗುತ್ತದೆ. ಸೂಜಿ ಬದಲಿಸಿದರೆ ಯಾವ ಹಂತದಲ್ಲಿ ಕೊರತೆಯಿತ್ತೋ ಆ ಹಂತವನ್ನು ಮಾತ್ರ ತಿದ್ದಬಹುದು. ಪೂರ್ಣ ಥ್ರಾಟಲ್‌ನಲ್ಲಿ ಪೆಟ್ರೋಲ್ ಸಾಲದೆಂದು ನಟ್ ತಿರುಗಿಸುವವರು ಸಾರಿಗೆ ಉಪ್ಪು ಸಾಲದೆಂದು ಪಾಯಸಕ್ಕೂ ಉಪ್ಪು ಹಾಕುವವರು.

ಟ್ಯೂನಿಂಗ್ ವಿಧಾನವನ್ನೂ ಹೇಳಿಬಿಡುತ್ತೇನೆ. ಇದು ಹಳೆಯ ಎಚ್‌ಎಸ್ ಮಾದರಿಗೆ. ನಂತರದ ಎಚ್‌ಐಎಫ್ ಮಾದರಿಯಲ್ಲಿ ನಟ್ ಬದಲು ಪಕ್ಕದಲ್ಲಿ ಸ್ಕ್ರೂ ಇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿರಲಿ. ಎರಡೂ ಕಾರ್ಬೊರೇಟರಿನ ಜೆಟ್ಟನ್ನು ಸೇತುವೆಯ ಮಟ್ಟಕ್ಕೆ ತಂದು, ಅಲ್ಲಿಂದ ನಟ್‌ನ 12 ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ. ಇದು ಆರಂಭದ ಸ್ಥಾನ. ಒಂದು ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರಿನ ಬಾಯಿಗೆ. ಎರಡರಲ್ಲೂ ಗಾಳಿಯ ಸುಯ್ಲು ಒಂದೇ ಆಗುವಂತೆ ಥ್ರಾಟಲ್ ಸ್ಕ್ರೂ ಹೊಂದಿಸಿ. ಆಮೇಲೆ ಪಿಸ್ಟನ್ನನ್ನು ಮೂವತ್ತೆರಡನೇ ಒಂದು ಇಂಚು, ಅಂದರೆ ಸುಮಾರು 0.8 ಮಿಲಿಮೀಟರ್ ಮಾತ್ರ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದರೆ ಪೆಟ್ರೋಲ್ ಕಡಿಮೆ. ಒಂದು ಕ್ಷಣ ಸ್ವಲ್ಪ ಏರಿ ಮೊದಲಿನ ಸ್ಥಿತಿಗೆ ಬಂದರೆ ಸರಿ. ಒಂದೊಂದೇ ಮುಖ ತಿರುಗಿಸಿ, ಪ್ರತಿ ಸಲ ಎಂಜಿನ್ ನೆಲೆಗೊಳ್ಳಲು ಬಿಡಿ. ಡ್ಯಾಶ್‌ಪಾಟಿನಲ್ಲಿ ಎಸ್‌ಎಇ 20 ಎಣ್ಣೆ ಇದೆಯೇ, ಎರಡರಲ್ಲೂ ಒಂದೇ ಬಣ್ಣದ ಸ್ಪ್ರಿಂಗ್ ಇದೆಯೇ ನೋಡಿ. ಎಣ್ಣೆಯೇ ಇಲ್ಲದೆ ಪಿಕಪ್ಪಿನಲ್ಲಿ ಮುಗ್ಗರಿಸುವ ಕಾರಿಗೆ ವೆಬರ್ ಕೊಳ್ಳಲು ಹೊರಟವರಿದ್ದಾರೆ!

ಬೊಲೊನ್ಯಾದ ಸುಂದರಿ

ವೆಬರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಟಲಿಯ ಬೊಲೊನ್ಯಾದಲ್ಲಿ ಎಡುವಾರ್ದೊ ವೆಬರ್ ಆರಂಭಿಸಿದ ಆ ಮನೆತನದ ಡಿಸಿಒಇ ಕಾರ್ಬೊರೇಟರ್ ನೋಡಲೂ ಚೆಂದ, ಕೇಳಲೂ ಚೆಂದ. ರೇಸಿನ ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಅಪರೂಪ. ಆದರೆ ಅದರ ಗಂಟಲು ಸ್ಥಿರ. ತಗ್ಗಿನ ವೇಗದಲ್ಲಿ ಗಾಳಿ ಸಾವಕಾಶವಾಗಿ ಹೋದರೆ ಜೆಟ್ಟಿನಿಂದ ಪೆಟ್ರೋಲ್ ಎಳೆಯುವ ಶಕ್ತಿಯೇ ಇರುವುದಿಲ್ಲ. ಅದಕ್ಕೆ ಐಡ್ಲ್ ಜೆಟ್, ಪ್ರೊಗ್ರೆಷನ್ ರಂಧ್ರಗಳು, ಆಕ್ಸಿಲರೇಟರ್ ಪಂಪ್, ಎಮಲ್ಷನ್ ಟ್ಯೂಬ್, ಏರ್ ಕರೆಕ್ಟರ್ ಎಂದು ಒಂದು ದಂಡೇ ಇದೆ. ಪ್ರತಿಯೊಂದನ್ನೂ ನಿಮ್ಮ ಎಂಜಿನ್ನಿಗೆ ಹೊಂದಿಸಬೇಕು.

ಜನ "45 ಹಾಕಿಸಿದೆ" ಎಂದು ಹೆಮ್ಮೆಯಿಂದ ಹೇಳುತ್ತಾರೆ. 45 ಎಂಬುದು ಥ್ರಾಟಲ್ ಬಾಯಿಯ ಮಿಲಿಮೀಟರ್. ನಿಜವಾಗಿ ಎಣಿಕೆಗೆ ಬರುವುದು ಒಳಗಿನ ಚೋಕ್, ಅಂದರೆ ಗಂಟಲಿನ ಅಳತೆ. ಅದು 34 ಇರಬಹುದು, 36 ಇರಬಹುದು. ಚೋಕಿನ ಅಳತೆಯನ್ನು ನಾಲ್ಕರಿಂದ ಗುಣಿಸಿದರೆ ಮುಖ್ಯ ಜೆಟ್ಟಿನ ಅಂದಾಜು ಸಿಗುತ್ತದೆ. 36ಕ್ಕೆ ಸುಮಾರು 145. ಇದು ಆರಂಭ ಮಾತ್ರ. ಉಳಿದದ್ದು ರೋಲಿಂಗ್ ರೋಡಿನ ಮೇಲೆ ಗಂಟೆಗಟ್ಟಲೆ ಕೆಲಸ, ಒಂದು ಡಬ್ಬಿ ತುಂಬ ಜೆಟ್‌ಗಳು. ಪೆಟ್ಟಿಗೆಯಿಂದ ತೆಗೆದು ಹಾಗೇ ಬಿಗಿದ ವೆಬರ್, ಅಳತೆ ಕೊಡದೆ ಹೊಲಿಸಿದ ಕೋಟು.

ಇನ್ನೂ ಒಂದು ಮಾತು. ಬಿ-ಸೀರೀಸ್ ಹೆಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಹೋಗುವ ದಾರಿ ಎರಡೇ. ಒಂದು ಎರಡಕ್ಕೆ ಒಂದು ದಾರಿ, ಮೂರು ನಾಲ್ಕಕ್ಕೆ ಇನ್ನೊಂದು. ಸಿಲಿಂಡರಿಗೊಂದು ಗಂಟಲು ಎಂಬ ಡಿಸಿಒಇಯ ದೊಡ್ಡ ಗುಣವೇ ಇಲ್ಲಿ ಅರ್ಧಕ್ಕೆ ನಿಂತುಹೋಗುತ್ತದೆ. ಅದು ಪೂರ್ತಿ ಬೇಕೆಂದರೆ ಮೊದಲು ಹೆಡ್ಡೇ ಬೇರೆ ಬೇಕು.

ಇಂಜೆಕ್ಷನ್ ಎಂಬ ಮಾಯಾಮಂತ್ರ

"ಕಂಪ್ಯೂಟರ್ ಎಲ್ಲ ನೋಡಿಕೊಳ್ಳುತ್ತದೆ" ಎನ್ನುತ್ತಾರೆ. ಕಂಪ್ಯೂಟರ್ ಜೊತೆ ಕೆಲಸ ಮಾಡುವ ನಮ್ಮ ಸದಸ್ಯರೇ ಹೀಗೆ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಎಂಜಿನ್ನಿನ ಪ್ರತಿ ವೇಗಕ್ಕೆ, ಪ್ರತಿ ಹೊರೆಗೆ ಇಷ್ಟು ಪೆಟ್ರೋಲ್ ಎಂಬ ಕೋಷ್ಟಕ ತುಂಬಬೇಕು. ಸೂಜಿ ಆಯ್ದುಕೊಳ್ಳಲು ತಾಳ್ಮೆ ಇಲ್ಲದವರು ನೂರಾರು ಮನೆಗಳ ಕೋಷ್ಟಕ ತುಂಬುತ್ತಾರೆಯೇ?

ಹೆಡ್‌ನ ಎರಡೇ ದಾರಿಯ ತೊಡಕು ಇಲ್ಲಿ ಇನ್ನೂ ದೊಡ್ಡದು. ಈ ಎಂಜಿನ್ನಿನ ಕಿಡಿಯ ಸರದಿ 1-3-4-2. ಆದ್ದರಿಂದ ಒಂದೇ ದಾರಿಯ ಇಬ್ಬರು ಪಾಲುದಾರರಲ್ಲಿ ಒಳಗಿನ ಸಿಲಿಂಡರ್ ಮೊದಲು ಎಳೆಯುತ್ತದೆ, ಅರ್ಧ ಸುತ್ತಿನ ಬೆನ್ನಿಗೇ ಹೊರಗಿನದು ಎಳೆಯುತ್ತದೆ, ಆಮೇಲೆ ದೀರ್ಘ ಬಿಡುವು. ಇಂಜೆಕ್ಟರ್ ಚಿಮ್ಮಿಸುವ ಹೊತ್ತು ಸ್ವಲ್ಪ ತಪ್ಪಿದರೂ ಒಬ್ಬನಿಗೆ ಹೊಟ್ಟೆ ಬಿರಿಯೆ, ಇನ್ನೊಬ್ಬನಿಗೆ ಅರೆಹೊಟ್ಟೆ. ಇದೇ ರೀತಿಯ ದಾರಿಗಳಿದ್ದ ಮಿನಿ ಕಾರಿನ ಎ-ಸೀರೀಸ್ ಎಂಜಿನ್ನಿಗೆ ರೋವರ್ ಕಂಪನಿ 1991ರಲ್ಲಿ ಮೊದಲು ಒಂದೇ ಇಂಜೆಕ್ಟರಿನ ವ್ಯವಸ್ಥೆ ತಂದು, ಎರಡು ಇಂಜೆಕ್ಟರಿನ ವ್ಯವಸ್ಥೆಗೆ ಬಂದದ್ದು 1996ರಲ್ಲಿ. ಕಾರ್ಖಾನೆಗೇ ಇಷ್ಟು ಹೆಜ್ಜೆ ಬೇಕಾದ ಕೆಲಸ ನಮ್ಮ ಗ್ಯಾರೇಜಿನಲ್ಲಿ ಒಂದು ವಾರಾಂತ್ಯಕ್ಕೆ ಮುಗಿಯುವುದಿಲ್ಲ.

ವಿದ್ಯುತ್ತಿನ ಮಾತೂ ಇದೆ. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಇದ್ದದ್ದು ಡೈನಮೊ, ಅದೂ ಪಾಸಿಟಿವ್ ಅರ್ಥ್. ಐಡ್ಲಿಂಗ್‌ನಲ್ಲಿ ಡೈನಮೊ ಕೊಡುವ ಕರೆಂಟ್ ಹೆಸರಿಗೆ ಮಾತ್ರ. ಅದರ ಮೇಲೆ ಹೈಪ್ರೆಷರ್ ಪಂಪು, ಕಂಪ್ಯೂಟರ್, ಇಂಜೆಕ್ಟರ್‌ಗಳನ್ನು ಹೇರಿದರೆ ಮೊದಲ ಟ್ರಾಫಿಕ್ ಜಾಮಿನಲ್ಲೇ ಬ್ಯಾಟರಿ ಕೈಚೆಲ್ಲುತ್ತದೆ. ಹಾಗಾಗಿ ಮೊದಲು ಆಲ್ಟರ್ನೇಟರ್, ಆಮೇಲೆ ವೈರಿಂಗ್, ಆಮೇಲೆ ಟ್ಯಾಂಕಿಗೆ ವಾಪಸ್ ಪೈಪು. ಖರ್ಚು ಸಾವಿರ ಪೌಂಡನ್ನು ಸುಲಭವಾಗಿ ದಾಟುತ್ತದೆ.

ಇಂಜೆಕ್ಷನ್ ಯಾರಿಗೆ ಸರಿ? ದಿನವೂ ಕೆಲಸಕ್ಕೆ ಅದೇ ಕಾರಿನಲ್ಲಿ ಹೋಗುವವರಿಗೆ, ಟರ್ಬೊ ಹಾಕಿದವರಿಗೆ, ಬೇರೆ ಎಂಜಿನ್ನನ್ನೇ ಇಟ್ಟವರಿಗೆ, ಜೊತೆಗೆ ಕಲಿಯುವ ಹಂಬಲ ನಿಜವಾಗಿ ಇರುವವರಿಗೆ. ಅಂಥವರು ಮಾಡಲಿ, ನಾನೇ ಹೋಗಿ ಚಪ್ಪಾಳೆ ತಟ್ಟುತ್ತೇನೆ. ವರ್ಷಕ್ಕೆ ಹತ್ತು ಭಾನುವಾರ ಓಡಿಸುವವರಿಗೆ ಏಕೆ?

ಆಚೆ ಬದಿಯ ಹಠವೂ ಬೇಡ

ಇಷ್ಟು ಓದಿ "ಕಾರ್ಖಾನೆ ಕೊಟ್ಟಂತೆಯೇ ಇರಬೇಕು, ಒಂದು ನಟ್ಟೂ ಮುಟ್ಟಬಾರದು" ಎನ್ನುವ ಬಣದವರು ಮೀಸೆ ತಿರುವುವುದು ಬೇಡ. ಅವರದೂ ತಪ್ಪೇ. ಕಾರು ಹಾಗೇ ಇದ್ದರೂ ಪೆಟ್ರೋಲ್ ಹಾಗೇ ಇಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ 95 ಆಕ್ಟೇನ್ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ, ಅದೇ ಇ10. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಇ10ಕ್ಕೆ ಸುಮಾರು 14.1 ಸಾಕು. ಅಂದರೆ ಹಳೆಯ ಹೊಂದಿಕೆಯಲ್ಲೇ ಬಿಟ್ಟರೆ ಮಿಶ್ರಣ ನೂರಕ್ಕೆ ನಾಲ್ಕರಷ್ಟು ತೆಳುವಾಗುತ್ತದೆ. ಮೊದಲೇ ತೆಳುವಾಗಿದ್ದ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಪುಸ್ತಕದಲ್ಲಿ ಬರೆದ ಸೂಜಿಯೇ ಸರಿ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಇ5 ಈಗಲೂ ಸೂಪರ್ ದರ್ಜೆಯ ಪೆಟ್ರೋಲಿನಲ್ಲಿ ಸಿಗುತ್ತದೆ. ಹಳೆಯ ಕಾರಿನವರು ಅದನ್ನೇ ಹಾಕಿಸುವುದು ಒಳ್ಳೆಯದು.

ಊರಿನಲ್ಲಿ ತಂದೆಯವರ ಅಂಬಾಸಡರನ್ನು ಶೆಡ್ಡಿನಲ್ಲಿ ಇಟ್ಟುಕೊಂಡವರೂ ಗಮನಿಸಿ. ಭಾರತದಲ್ಲಿ ಶೇಕಡ 20ರ ಎಥನಾಲ್ ಮಿಶ್ರಣದ ಗುರಿಯನ್ನು 2025ರಲ್ಲಿ ಮುಟ್ಟಿದರು. ಅಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಸೂಜಿ, ಜೆಟ್, ರಬ್ಬರ್ ಭಾಗ ಎಲ್ಲವನ್ನೂ ಮತ್ತೆ ನೋಡಬೇಕು.

ಇದನ್ನೆಲ್ಲ ಅಳೆಯುವ ಉಪಕರಣ ಇದೆ: ವೈಡ್‌ಬ್ಯಾಂಡ್ ಲ್ಯಾಮ್ಡಾ ಮೀಟರ್. ಎಕ್ಸಾಸ್ಟ್ ಪೈಪಿಗೆ ಒಂದು ನಟ್ ವೆಲ್ಡ್ ಮಾಡಿಸಿ ಸೆನ್ಸರ್ ತಿರುಗಿಸಿದರೆ, ಓಡುವಾಗಲೇ ಮಿಶ್ರಣ ಹೇಗಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಲ್ಯಾಮ್ಡಾ 1 ಎಂದರೆ ಗಾಳಿ ಪೆಟ್ರೋಲ್ ಸರಿಸಮ, ಅದು ಯಾವ ಪೆಟ್ರೋಲೇ ಆಗಲಿ. ಹದವಾಗಿ ಹೋಗುವಾಗ 1ರ ಆಸುಪಾಸು, ಪೂರ್ಣ ಥ್ರಾಟಲ್‌ನಲ್ಲಿ 0.85ರಿಂದ 0.88 ಇದ್ದರೆ ಚಿಂತೆಯಿಲ್ಲ. ಬೆಲೆ ಇನ್ನೂರು ಪೌಂಡಿನ ಆಸುಪಾಸು. ಹಳೆಯ ಕಾರಿಗೆ ಖರ್ಚು ಮಾಡುವ ಹಣದಲ್ಲಿ ಇದಕ್ಕಿಂತ ಸಾರ್ಥಕವಾದದ್ದನ್ನು ನಾನು ಕಾಣೆ.

ಬೆಂಕಿಯ ವಿಷಯ

ಈಗ ಎಲ್ಲರೂ ಓದಬೇಕಾದ ಮಾತು. 2018ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ, ಮೂಲ ಸ್ವರೂಪ ಹೆಚ್ಚು ಬದಲಾಗದ ಕಾರುಗಳಿಗೆ ಇಲ್ಲಿ ವಾರ್ಷಿಕ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ಕೊನೆಯ ಎಂಜಿಬಿ ಬಂದದ್ದೇ 1980ರಲ್ಲಿ. ಆದ್ದರಿಂದ ಈ ವಯಸ್ಸನ್ನು ಎಲ್ಲವೂ ದಾಟಿವೆ. ಒಳ್ಳೆಯದಾಯಿತು, ಐವತ್ತು ಪೌಂಡ್ ಉಳಿಯಿತು ಎಂದು ನಾವು ಸಂತೋಷಪಟ್ಟೆವು. ಆದರೆ ವರ್ಷಕ್ಕೊಮ್ಮೆ ಕಾರನ್ನು ಮೇಲೆತ್ತಿ ಕೆಳಗಿನ ಪೆಟ್ರೋಲ್ ಪೈಪನ್ನು ನೋಡುತ್ತಿದ್ದ ಆ ಎರಡು ಕಣ್ಣುಗಳೂ ಹೋದವು. ಕಾರನ್ನು ಸುಸ್ಥಿತಿಯಲ್ಲಿ ಇಡುವ ಕಾನೂನಿನ ಹೊಣೆ ಮಾತ್ರ ನಮ್ಮ ತಲೆಯ ಮೇಲೇ ಇದೆ.

ಎಥನಾಲ್ ಹಳೆಯ ಬಗೆಯ ರಬ್ಬರನ್ನು ಒಳಗಿನಿಂದ ಹಾಳುಮಾಡುತ್ತದೆ. ಹೊರಗೆ ಚೆನ್ನಾಗಿ ಕಾಣುವ ಪೈಪನ್ನು ಬಗ್ಗಿಸಿದರೆ ಬಿರುಕು ಬಾಯಿಬಿಡುತ್ತದೆ. ಎಂಜಿಬಿಯಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಎಂಜಿನ್ನಿನ ಒಂದೇ ಬದಿಯಲ್ಲಿವೆ, ಒಂದರ ಕೆಳಗೆ ಇನ್ನೊಂದು. ಮೇಲಿನಿಂದ ತೊಟ್ಟಿಕ್ಕಿದ ಪೆಟ್ರೋಲ್ ಎಲ್ಲಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸೋರಿಕೆ ಹುಡುಕಲೆಂದು ಓಡುತ್ತಿರುವ ಎಂಜಿನ್ನಿನ ಮೇಲೆ ಉರಿಯುವ ಸ್ಪ್ರೇ ಹೊಡೆಯುವವರೂ ಇದನ್ನು ನೆನಪಿಡಿ.

ಈಗ ನಮ್ಮ ಮಿತ್ರರ ಸಲಹೆಯನ್ನು ಇದರ ಪಕ್ಕ ಇಟ್ಟು ನೋಡಿ. ಎಸ್‌ಯು ಅಥವಾ ವೆಬರಿಗೆ ಬೇಕಾದ ಪೆಟ್ರೋಲ್ ಒತ್ತಡ ಚದರ ಇಂಚಿಗೆ ಹೆಚ್ಚೆಂದರೆ 3 ಪೌಂಡ್. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 3 ಬಾರ್, ಅಂದರೆ ಸುಮಾರು 43 ಪೌಂಡ್. ಹದಿನಾಲ್ಕು ಪಟ್ಟು! ಕಾರ್ಬೊರೇಟರಿನ ಪೈಪು ಬಿರಿದರೆ ಪೆಟ್ರೋಲ್ ಜಿನುಗುತ್ತದೆ. ಇಂಜೆಕ್ಷನ್ನಿನ ಪೈಪು ಬಿರಿದರೆ ಪಿಚಕಾರಿಯಂತೆ ಹಾರುತ್ತದೆ. ಕಳೆದ ಸಂಚಿಕೆಯ ಆ ಉದ್ದನೆಯ ಲೇಖನದಲ್ಲಿ ಪೈಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಆದ್ದರಿಂದ ಯಾವ ಬಣದವರೇ ಆಗಿರಿ, ಇಷ್ಟು ಮಾಡಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ. ಹೊಸ ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಲಿ, ನಂಬಿಕೆಯ ಅಂಗಡಿಯಿಂದ ಕೊಳ್ಳಿ. ಎಕ್ಸಾಸ್ಟಿನ ಹತ್ತಿರ ಪ್ಲಾಸ್ಟಿಕ್ ಫಿಲ್ಟರ್ ಬೇಡ. ಫ್ಲೋಟ್ ಚೇಂಬರಿನ ಓವರ್‌ಫ್ಲೋ ಪೈಪು ಎಕ್ಸಾಸ್ಟಿನಿಂದ ದೂರಕ್ಕೆ, ಕೆಳಕ್ಕೆ ಹೋಗಿರಲಿ. ಡಿಕ್ಕಿಯಾದಾಗ ಪಂಪನ್ನು ತಾನೇ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಹಾಕಿಸಿ, ಅಗ್ಗದ ವಸ್ತು. ಇಗ್ನಿಷನ್ ಹಾಕಿ ಎಂಜಿನ್ ಚಾಲೂ ಮಾಡದೆ ಕಿವಿಗೊಡಿ. ಎಸ್‌ಯು ಪಂಪು ಟಿಕ್ ಟಿಕ್ ಎಂದು ನಿಧಾನವಾಗಿ ನಿಲ್ಲಬೇಕು. ನಿಲ್ಲದೆ ಬಡಿದುಕೊಳ್ಳುತ್ತಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಇಲ್ಲವೇ ಎಲ್ಲೋ ಸೋರುತ್ತಿದೆ, ಇಲ್ಲವೇ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ. ಕೈಗೆ ಸಿಗುವಲ್ಲಿ ಅಗ್ನಿಶಾಮಕ ಇರಲಿ. ಬಾನೆಟ್ಟಿನಿಂದ ಹೊಗೆ ಬಂದರೆ ಇಗ್ನಿಷನ್ ಆಫ್ ಮಾಡಿ, ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಬಾನೆಟ್ ಪೂರ್ತಿ ತೆರೆದು ಬೆಂಕಿಗೆ ಗಾಳಿ ಹಾಕಬೇಡಿ. ಮಾರ್ಪಾಡುಗಳನ್ನು ವಿಮೆಯವರಿಗೆ ತಿಳಿಸಿ. ಎಂಒಟಿ ಕಡ್ಡಾಯವಲ್ಲದಿದ್ದರೂ ಹಣ ಕೊಟ್ಟು ಮಾಡಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಜಿಟಿಯ ಹಿಂದಿನ ಆ ಪುಟ್ಟ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ಪಿಕ್ನಿಕ್ಕಿಗೆ ಬರುವ ಅಪ್ಪಂದಿರು, ಹೊಳೆಯುವ ಗಾಳಿ ಕೊಳವೆಗಳಿಗೆ ಹಣ ಕೊಡುವ ಮುಂಚೆ ಕೆಲವೇ ಪೌಂಡಿನ ಈ ಕಪ್ಪು ರಬ್ಬರ್ ಪೈಪನ್ನು ಕೊಳ್ಳಬೇಕು. ಅಮ್ಮಂದಿರು ಇದನ್ನು ಕೇಳಿಯೇ ಕಾರು ಹತ್ತಬೇಕು. ಇದು ನನ್ನ ವಿನಂತಿಯಲ್ಲ, ಹಕ್ಕೊತ್ತಾಯ.

ಸಂಘಕ್ಕೊಂದು ಸೂಚನೆ

ಬರೀ ಟೀಕೆ ಮಾಡಿ ಹೋಗುವುದು ಸುಲಭ. ಆದ್ದರಿಂದ ಒಂದು ಸೂಚನೆ. ಹಳೆಯ ಕಾರಿರುವ ಸದಸ್ಯರು ಸೇರಿ ಒಂದು ಲ್ಯಾಮ್ಡಾ ಮೀಟರ್, ಒಂದು ಟೈಮಿಂಗ್ ಲೈಟ್, ಒಂದು ಕಂಪ್ರೆಷನ್ ಗೇಜ್ ಕೊಳ್ಳೋಣ. ತಲಾ ಬೀಳುವುದು ಒಂದು ಊಟದ ಖರ್ಚು. ಬೇಸಿಗೆಯಲ್ಲಿ ಒಂದು ಭಾನುವಾರ ಎಲ್ಲರ ಕಾರಿನ ಪೈಪನ್ನೂ ಒಬ್ಬರು ಇನ್ನೊಬ್ಬರದು ನೋಡೋಣ, ಅಳೆಯೋಣ, ಅಂಕಿಗಳನ್ನು ಬರೆದಿಡೋಣ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗರು ಹುಡುಗಿಯರಿಗೂ ಸ್ಪ್ಯಾನರ್ ಕೊಡೋಣ. ಕನ್ನಡ ಶಾಲೆಯಲ್ಲಿ ಕೂರಲು ಗೊಣಗುವ ಮಕ್ಕಳು ಕಾರಿನ ಕೆಳಗೆ ಮಲಗಿ "ಅಂಕಲ್, ಸೂಜಿ ಕೊಡಿ, ಎಣ್ಣೆ ಹಾಕಿ" ಎಂದು ನಾಲ್ಕು ಕನ್ನಡ ಮಾತು ಕಲಿತರೆ ಅದೂ ಲಾಭವೇ.

ಅಳೆದು ನೋಡಿದ ಮೇಲೂ ನಿಮ್ಮ ಎಂಜಿನ್ನಿಗೆ ಎಸ್‌ಯು ನಿಜಕ್ಕೂ ಸಾಲದೆಂದು ಅಂಕಿ ಹೇಳಿದರೆ, ಧಾರಾಳವಾಗಿ ವೆಬರ್ ತನ್ನಿ, ಇಂಜೆಕ್ಷನ್ ತನ್ನಿ. ಹಳೆಯ ಎಸ್‌ಯು ಜೋಡಿಯನ್ನು ಗುಜರಿಗೆ ಹಾಕದೆ ಸಂಘದ ಬೇರೊಬ್ಬ ಸದಸ್ಯರಿಗೆ ಕೊಡಿ. ಅವುಗಳ ಬಿಡಿಭಾಗಗಳು ಈ ದೇಶದಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ನನ್ನ ಮಾತು ತಪ್ಪೆನಿಸಿದರೆ ಲೇಖಕ ಮಿತ್ರರು ಮುಂದಿನ ಸಂಚಿಕೆಗೆ ಖಂಡಿತ ಉತ್ತರ ಬರೆಯಲಿ, ಸಂತೋಷದಿಂದ ಓದುತ್ತೇನೆ. ಒಂದೇ ಷರತ್ತು: ವೆಬರ್ ಹಾಕುವ ಮುಂಚೆ ತಮ್ಮ ಕಾರಿನ ಕಂಪ್ರೆಷನ್ ಎಷ್ಟಿತ್ತು, ಅಡ್ವಾನ್ಸ್ ಎಷ್ಟಿತ್ತು, ಮಿಶ್ರಣ ಎಷ್ಟಿತ್ತು ಎಂಬ ಅಂಕಿಗಳ ಸಮೇತ ಬರೆಯಲಿ.

ಇತಿ,
ಸಂಘದ ಒಬ್ಬ ಹಳೆಯ ಸದಸ್ಯ